ಶಾಲೆಯ ನಾಟಕದಲ್ಲಿ ಊರಿನ ಪಾಲು

ಕಳೆದ ತಿಂಗಳು ಹಾರಂಗಿಯ ಕಡೆಗೆ ಹೋಗಿಬಂದೆ. ಹೋದದ್ದು ಅಣೆಕಟ್ಟನ್ನು ನೋಡಿಬರುವುದಕ್ಕಲ್ಲ. ಅದರ ಮಗ್ಗುಲಲ್ಲಿಯೇ ಬೆಳೆದವನಿಗೆ ಅದು ಹಿತ್ತಲ ಗಿಡವಿದ್ದಂತೆ. ಆ ಸೀಮೆಯ ಶಾಲೆಯೊಂದರಲ್ಲಿ ಮಕ್ಕಳಿಂದ ಹಾಡು ಕುಣಿತಗಳ ನಾಟಕವೊಂದನ್ನು ಆಡಿಸಬೇಕೆಂದು ಅಧ್ಯಾಪಕರು ಮನಸ್ಸು ಮಾಡಿದ್ದರು. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು, ಮೇಲಾಗಿ ಅಲ್ಲಿಯ ನೀರು ಕುಡಿದು ದೊಡ್ಡವನಾದವನು ಎಂಬ ಎರಡು ಕಾರಣಗಳಿಂದ ನನಗೆ ಕರೆ ಬಂದಿದ್ದಿತು. ಅವರು ಆರಿಸಿಕೊಂಡಿದ್ದುದು ಕುವೆಂಪು ಅವರ ‘ಕಿಂದರಿಜೋಗಿ’. ಬೇರೆ ಯಾವುದನ್ನಾದರೂ ಆರಿಸಿದ್ದರೆ ನನಗೆ ಆಶ್ಚರ್ಯವಾಗುತ್ತಿತ್ತು.

“ಊರಿನವರನ್ನೆಲ್ಲ ಇದರಲ್ಲಿ ಸೇರಿಸಿಕೊಳ್ಳಬೇಕೆಂದಿದ್ದೇವೆ” ಎಂದರು ಮುಖ್ಯೋಪಾಧ್ಯಾಯಿನಿಯವರು.

ಬಹಳ ಸಂತೋಷ, ಹೇಗೆ ಎಂದು ಕೇಳಿದೆ. ಅವರು ಒಂದು ಹಾಳೆಯನ್ನು ನನ್ನ ಮುಂದಿಟ್ಟರು. ಶಾಮಿಯಾನ ಒಬ್ಬರದು, ಕುರ್ಚಿಗಳು ಇನ್ನೊಬ್ಬರವು, ಧ್ವನಿವರ್ಧಕ ಮತ್ತೊಬ್ಬರದು, ಮಕ್ಕಳಿಗೆ ಉಪ್ಪಿಟ್ಟು ಕಾಫಿ ತೋಟದ ಯಜಮಾನರೊಬ್ಬರದು. ಮಿಕ್ಕವರಿಂದ ಯಥಾಶಕ್ತಿ ಚಂದಾ. ಪಟ್ಟಿಯ ಕೊನೆಯ ಸಾಲು ‘ಸಂಗೀತ’ ಎಂದಿತ್ತು. ಅದರ ಎದುರಿಗೆ ಊರಿನ ಯಾರ ಹೆಸರೂ ಇರಲಿಲ್ಲ. ‘ಪೆನ್‌ಡ್ರೈವ್’ ಎಂದು ಬರೆದಿತ್ತು.

ಆ ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಬಂದೆ. ಇದೀಗ ಬರೆಯುತ್ತಿರುವುದು ಅದಕ್ಕೊಂದು ಟಿಪ್ಪಣಿ ಎಂದು ವಾಚಕರು ತಿಳಿದರೆ ತಪ್ಪಿಲ್ಲ.

ಹಾರಂಗಿ ಎಲ್ಲಿದೆಯೆಂದು ಎಲ್ಲರಿಗೂ ಗೊತ್ತಿರಬೇಕಾಗಿಲ್ಲ. ಪುಷ್ಪಗಿರಿಯ ಬೆಟ್ಟಸಾಲಿನಲ್ಲಿ ಹುಟ್ಟುವ ಈ ಹೊಳೆ ಕೂಡಿಗೆಯ ಬಳಿ ಕಾವೇರಿಯನ್ನು ಸೇರುತ್ತದೆ. ಊರಿನ ಹೆಸರೇ ಆ ಸಂಗತಿಯನ್ನು ಹೇಳುತ್ತದೆ. ಕುಶಾಲನಗರದಿಂದ ಕೆಲವೇ ಮೈಲಿ ದೂರದಲ್ಲಿ, ಹುದುಗೂರಿನ ಹತ್ತಿರ, ಅದಕ್ಕೆ ಕಟ್ಟಿದ ಅಣೆಕಟ್ಟು 1982ರಲ್ಲಿ ಮುಗಿಯಿತು. ಜಲಾಶಯದ ಗರಿಷ್ಠ ಮಟ್ಟ 2,859 ಅಡಿ, ಹಿಡಿಯುವ ನೀರು 8.5 ಟಿ.ಎಂ.ಸಿ. ಮುಂಗಾರಿನ ದಿನಗಳಲ್ಲಿ ಈ ಎರಡು ಅಂಕಿಗಳು ನಮ್ಮ ಕಡೆಯ ಮಕ್ಕಳಿಗೆ ಮಗ್ಗಿಗಿಂತ ಚೆನ್ನಾಗಿ ಬಾಯಿಗೆ ಬರುತ್ತವೆ. ಕಟ್ಟೆ ಕಟ್ಟಲು ಬಂದವರು ಅನೇಕ ಕಡೆಗಳವರು. ಹೀಗಾಗಿ ನಮ್ಮ ತರಗತಿಯಲ್ಲಿ ಮೇಷ್ಟರೊಡನೆ ಕನ್ನಡ, ಜಗಲಿಯಲ್ಲಿ ಕೊಡವ, ಅರೆಭಾಷೆ, ತುಳು, ತಮಿಳು, ಮಲೆಯಾಳ. ಜಗಳಕ್ಕೆ ಇವೆಲ್ಲ ಸೇರಿ ಆದ ಒಂದು ಭಾಷೆ. ಈಗ ತೋಟದ ಕೆಲಸಕ್ಕೆ ಅಸ್ಸಾಮಿನಿಂದ ಬಂದವರ ಮಕ್ಕಳೂ ಕೊಡಗಿನ ಶಾಲೆಗಳ ಬೆಂಚುಗಳ ಮೇಲೆ ಕುಳಿತಿದ್ದಾರೆ.

ನಾನು ಆರನೆಯ ತರಗತಿಯಲ್ಲಿದ್ದಾಗ, ಸುಮಾರು 1991ರಲ್ಲಿ, ಆ ಸೀಮೆಯ ಶಾಲೆಯೊಂದರ ವಾರ್ಷಿಕೋತ್ಸವದಲ್ಲಿ ಇದೇ ‘ಕಿಂದರಿಜೋಗಿ’ಯನ್ನು ಆಡಿದೆವು. ನಾನು ಇಲಿಯಾಗಿದ್ದೆ. ಎಷ್ಟನೆಯ ಇಲಿ ಎಂದು ಕೇಳಬಾರದು. ಅಕ್ಕಿಯ ಗಿರಣಿಯವರು ಗೋಣಿಚೀಲ ಕೊಟ್ಟಿದ್ದರು, ಬಾಲಕ್ಕೆ ಹಗ್ಗ ಮನೆಯಿಂದ. ಕಟ್ಟೆಯ ಕೆಲಸದಲ್ಲಿದ್ದವರು ದೊಡ್ಡ ದೊಡ್ಡ ದೀಪಗಳನ್ನು ತಂದು ತೂಗುಹಾಕಿದ್ದರು. ಹಾರ್ಮೋನಿಯಮ್ಮಿಗೆ ಮೈಸೂರಿನಿಂದ ಒಬ್ಬ ಮೇಷ್ಟರು ಬಂದಿದ್ದರು. ಅವರಿಗೆ ಬಸ್ಸಿನ ಖರ್ಚು, ಸಂಭಾವನೆ, ಒಂದು ಶಾಲು. ಹಿನ್ನೀರಿನ ಆಚೆಯಿಂದ ಮುದುಕರೊಬ್ಬರು ತಮ್ಮ ದುಡಿಯನ್ನು ಹೆಗಲಿಗೆ ಹಾಕಿಕೊಂಡು ತಾವಾಗಿಯೇ ಬಂದಿದ್ದರು. ಅವರನ್ನು ಶಾಮಿಯಾನದ ಹೊರಗೆ, ಬಾಗಿಲ ಬಳಿ ನಿಲ್ಲಿಸಿ, ಜನ ಸೇರುವವರೆಗೆ ಬಾರಿಸಿ ಎಂದು ಹೇಳಿದರು. ಜನ ಸೇರಿದ ಮೇಲೆ ಸಾಕು ಎಂದರು.

ಜೋಗಿ ಮಕ್ಕಳನ್ನೆಲ್ಲ ಕರೆದುಕೊಂಡು ಹೋಗುವ ಹೊತ್ತಿಗೆ ಸರಿಯಾಗಿ ವಿದ್ಯುತ್ತು ಹೋಯಿತು. ಅಷ್ಟು ದೊಡ್ಡ ಅಣೆಕಟ್ಟಿನ ಪಕ್ಕದಲ್ಲಿ ಕತ್ತಲೆ! ಹಾರ್ಮೋನಿಯಮ್ಮು ನಿಂತಿತು. ಮುಂದಿನ ಸಾಲಿನ ಗಣ್ಯರು ಟಾರ್ಚು ಹುಡುಕಿದರು. ಸಣ್ಣ ಮಕ್ಕಳು ಅಳಲು ತೊಡಗಿದರು. ಆಗ ಹೊರಗಿನಿಂದ ದುಡಿಯ ದನಿ ಕೇಳಿಸಿತು. ಯಾರೂ ಹೇಳಿರಲಿಲ್ಲ, ಅವರೇ ಪ್ರಾರಂಭಿಸಿದ್ದರು. ವೇದಿಕೆಯ ಮೇಲಿದ್ದ ಮಕ್ಕಳು ಆ ಸದ್ದಿದ್ದ ಕಡೆಗೆ, ಒಬ್ಬರ ಅಂಗಿಯನ್ನು ಒಬ್ಬರು ಹಿಡಿದುಕೊಂಡು, ಮೆಟ್ಟಲಿಳಿದು ಜನರ ನಡುವೆ ನಡೆದು ಹೊರಟೇಬಿಟ್ಟರು. ಸತ್ತಿದ್ದ ಇಲಿಗಳಾದ ನಾವೂ ಎದ್ದು ಹಿಂದೆ ಹೋದೆವು. ಹತ್ತು ನಿಮಿಷವಾಗಿರಬಹುದು. ದೀಪ ಬಂದೊಡನೆ ಯಾರೋ ಅವರಿಗೆ ಕೈಸನ್ನೆ ಮಾಡಿದರು, ದುಡಿ ನಿಂತಿತು, ನಾವು ಮರಳಿ ವೇದಿಕೆಗೆ ಬಂದು ಮೇಷ್ಟರು ಕಲಿಸಿದ್ದನ್ನು ಒಪ್ಪಿಸಿದೆವು. ವಂದನಾರ್ಪಣೆಯಲ್ಲಿ ಶಾಮಿಯಾನದವರ ಹೆಸರು ಬಂತು, ಗೋಣಿಚೀಲದವರದೂ ಬಂತು. ಆ ಮುದುಕರ ಹೆಸರು ಆಹ್ವಾನಪತ್ರಿಕೆಯಲ್ಲಿಯೂ ಇರಲಿಲ್ಲ, ವಂದನೆಯಲ್ಲಿಯೂ ಬರಲಿಲ್ಲ. ನನಗೆ ಇಂದಿಗೂ ಗೊತ್ತಿಲ್ಲ.

ಇದನ್ನು ದೂರೆಂದು ಹೇಳುತ್ತಿಲ್ಲ. ಆಗಿನ ಅಧ್ಯಾಪಕರು ಒಳ್ಳೆಯವರು, ರಾತ್ರಿ ಹಗಲು ದುಡಿದವರು. ನಾಟಕವೆಂದರೆ ಹಾರ್ಮೋನಿಯಮ್ ಎಂದು ಅವರು ತಿಳಿದಿದ್ದುದಕ್ಕೆ ಕಾರಣ ಅವರಲ್ಲ, ನಮ್ಮ ರಂಗಭೂಮಿಯ ಚರಿತ್ರೆ. ಗುಬ್ಬಿಯ ಕಂಪನಿ 1884ರಲ್ಲಿ ಹುಟ್ಟಿತು. ಅದೂ ಅದರಂತಹ ಇತರ ಕಂಪನಿಗಳೂ ಊರೂರು ತಿರುಗಿ, ಪರದೆ, ಝಗಝಗಿಸುವ ಉಡುಪು, ಕಾಲಿನಿಂದ ತುಳಿಯುವ ಹಾರ್ಮೋನಿಯಮ್ ಇವುಗಳನ್ನು ನಾಟಕದ ಲಕ್ಷಣಗಳೆಂದು ಜನರ ಮನಸ್ಸಿನಲ್ಲಿ ಅಚ್ಚೊತ್ತಿದವು. ಕಂಪನಿ ಬಿಟ್ಟುಹೋದ ಊರಿನಲ್ಲಿ ಅದರ ಹಾಡುಗಳು ಉಳಿದವು. ಶಾಲೆಯ ನಾಟಕ ಅವುಗಳನ್ನು ಎತ್ತಿಕೊಂಡಿತು. ಕಂಪನಿಗೆ ಊರಿನಿಂದ ಬೇಕಾದದ್ದು ಟಿಕೆಟ್ಟಿನ ಹಣ. ಶಾಲೆಯೂ ಅದೇ ಪಾಠವನ್ನು ಕಲಿತು, ಊರೆಂದರೆ ಚಂದಾ ಎಂದುಕೊಂಡಿತು.

ಆದರೆ ನಾವು ಆಡಿದ ಕೃತಿಯೇ ಬೇರೆ ಮಾತನ್ನು ಹೇಳುತ್ತಿದ್ದುದನ್ನು ಆಗ ಯಾರೂ ಗಮನಿಸಲಿಲ್ಲ. ಕುವೆಂಪು ಅವರ ಕವನಕ್ಕೆ ಮೂಲ ಇಂಗ್ಲಿಷ್ ಕವಿ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಕಥನಕವನ. ಅದಕ್ಕೂ ಹಿಂದೆ ಜರ್ಮನಿಯ ಹ್ಯಾಮೆಲಿನ್ ಪಟ್ಟಣದ ಐತಿಹ್ಯವಿದೆ: 1284ರಲ್ಲಿ ಬಣ್ಣದ ಬಟ್ಟೆಯ ಕೊಳಲಿನವನೊಬ್ಬ ಆ ಪಟ್ಟಣದ 130 ಮಕ್ಕಳನ್ನು ಕರೆದುಕೊಂಡು ಹೋದನೆಂದು. ಹ್ಯಾಮೆಲಿನ್ನಿನ ವೇಸರ್ ನದಿ ಕನ್ನಡದಲ್ಲಿ ತುಂಗೆಯಾಯಿತು, ನಗರಸಭೆಯ ಅಧ್ಯಕ್ಷ ಗೌಡನಾದ. ಇವೆಲ್ಲ ಅನುವಾದಕ ಮಾಡಲೇಬೇಕಾದ ಬದಲಾವಣೆಗಳು ಎನ್ನಬಹುದು. ಕೊಳಲನ್ನು ಮಾತ್ರ ಬದಲಾಯಿಸಬೇಕಾಗಿರಲಿಲ್ಲ. ನಮ್ಮಲ್ಲಿ ಕೊಳಲಿಲ್ಲವೇ? ಕೃಷ್ಣನ ಕೈಯಲ್ಲಿಯೇ ಇದೆಯಲ್ಲ! ಆದರೂ ಕವಿ ಅದನ್ನು ಬಿಟ್ಟು, ಹಳ್ಳಿಗಳಲ್ಲಿ ಭಿಕ್ಷೆಗೆ ಬರುವ ಜೋಗಿಯ ಕೈಯಲ್ಲಿನ ತಂತಿವಾದ್ಯವನ್ನು, ಕಿಂದರಿಯನ್ನು, ತಂದರು. ಊರಿನ ಅಂಚಿನಲ್ಲಿ ಅಲೆಯುವವನನ್ನು, ಯಾರೂ ಹೆಸರು ಕೇಳದವನನ್ನು, ಕತೆಯ ನಡುವೆ ನಿಲ್ಲಿಸಿದರು. ಅಂತಹ ಕವನವನ್ನು ಆಡುವಾಗ ನಾವು ದುಡಿಯವರನ್ನು ಬಾಗಿಲಲ್ಲಿ ನಿಲ್ಲಿಸಿದೆವು.

ಹೇಳಿದ ಹಣ ಕೊಡದೆ ಗೌಡ ಜೋಗಿಯನ್ನು ಅಟ್ಟುವ ಸಂದರ್ಭದಲ್ಲಿ ಹಿಂದಿನ ಸಾಲುಗಳಿಂದ ಬಂದ ನಗು ನನಗೆ ಇನ್ನೂ ಕೇಳಿಸುತ್ತದೆ. ಮುಂದಿನ ಸಾಲಿನವರಿಗೆ ಅದು ಮಕ್ಕಳ ಆಟ. ಹಿಂದಿನವರಲ್ಲಿ ದಿನಗೂಲಿಯವರಿದ್ದರು, ಸಾಲ ಕೊಟ್ಟು ಕಳೆದುಕೊಂಡವರಿದ್ದರು, ಫಸಲು ಮಾರಿ ದುಡ್ಡಿಗಾಗಿ ಅಲೆದವರಿದ್ದರು. ಒಬ್ಬೊಬ್ಬರಿಗೆ ಒಬ್ಬೊಬ್ಬ ಗೌಡ ನೆನಪಾಗಿರಬೇಕು. ಊರು ನಾಟಕದೊಳಕ್ಕೆ ತಾನಾಗಿ ಬಂದದ್ದು ಆ ರಾತ್ರಿ ಎರಡೇ ಸಲ: ಆ ನಗುವಿನಲ್ಲಿ ಒಮ್ಮೆ, ಕತ್ತಲೆಯಲ್ಲಿ ಒಮ್ಮೆ.

ಕೊಡಗಿನಲ್ಲಿ ಇದಕ್ಕೆ ಒಂದು ಹಳೆಯ ಮಾರ್ಗವಿದ್ದಿತು. 1906ರಲ್ಲಿ ಅಪ್ಪಚ್ಚಕವಿ ಕೊಡವ ಭಾಷೆಯಲ್ಲಿ ಯಯಾತಿಯ ನಾಟಕವನ್ನು ಬರೆದರು. 1868ರಲ್ಲಿ ಹುಟ್ಟಿ 1944ರವರೆಗೆ ಬದುಕಿದ್ದ ಅವರನ್ನು ಜನ ಹರದಾಸ ಅಪ್ಪಚ್ಚಕವಿ ಎಂದೇ ಕರೆದರು. ಯಯಾತಿಯ ಅನಂತರ ಸಾವಿತ್ರಿ, ಸುಬ್ರಹ್ಮಣ್ಯ, ಕಾವೇರಿ. ಒಟ್ಟು ನಾಲ್ಕು ನಾಟಕಗಳು, ಹಾಡುಗಳಿಂದ ತುಂಬಿದವು. ನಾಲ್ಕೂ ಪುರಾಣಗಳಿಂದ ಬಂದ ಕತೆಗಳು, ಮಾದರಿ ಕಾಲಕ್ಕೆ ತಕ್ಕಂತೆ ಕಂಪನಿಯದು, ಲಿಪಿ ಕನ್ನಡ. ಆದರೆ ಮಾತು ಅಡಿಗೆಮನೆಯದು. ಮನೆಯಲ್ಲಿ ಆಡುವ ಮಾತು ವೇದಿಕೆಗೆ ಹತ್ತಿದಾಗ ನೋಡುವವನಿಗೆ ಏನಾಗುತ್ತದೆ ಎಂಬುದನ್ನು ಊಹಿಸಬೇಕು. ಅಲ್ಲಿಯವರೆಗೆ ಕನ್ನಡವೇ ಕೊಡಗಿನಲ್ಲಿ ಅರಮನೆಯ, ಶಾಲೆಯ, ಕಚೇರಿಯ ಭಾಷೆಯಾಗಿದ್ದಿತು. ಲಿಂಗಾಯತ ಅರಸರ ಕಾಲದ ‘ರಾಜೇಂದ್ರನಾಮೆ’ ಕನ್ನಡದಲ್ಲಿದೆ. ಕನ್ನಡದ ಅಧ್ಯಾಪಕನಾಗಿ ನನಗೆ ಅದು ಹೆಮ್ಮೆಯ ವಿಷಯವೇ. ಆದರೆ ಶಾಲೆಯ ವೇದಿಕೆಯ ಮೇಲೆ ಮಗು ಶಾಲೆಯ ಭಾಷೆಯನ್ನು ಮಾತ್ರ ಆಡಬೇಕೆಂದರೆ, ಕೆಳಗೆ ಕುಳಿತ ಅಜ್ಜಿ ತನ್ನ ಮೊಮ್ಮಗಳನ್ನು ನೋಡುತ್ತಾಳೆಯೇ ಹೊರತು ನಾಟಕವನ್ನು ನೋಡುವುದಿಲ್ಲ.

ಅಪ್ಪಚ್ಚಕವಿಯ ಬಾಳಿನ ಕಾಲದಲ್ಲಿಯೇ, 1924ರಲ್ಲಿ, ನಡಿಕೇರಿಯಂಡ ಚಿಣ್ಣಪ್ಪನವರ ‘ಪಟ್ಟೋಲೆ ಪಳಮೆ’ ಹೊರಬಂದಿತು. ಹಾಡುಗಳನ್ನು ಬಾಯಿಂದ ಬಾಯಿಗೆ ಹೋಗುತ್ತಿದ್ದಂತೆಯೇ ಹಿಡಿದು, ಕನ್ನಡ ಲಿಪಿಯಲ್ಲಿ ಬರೆದಿಟ್ಟ ಪುಸ್ತಕ ಅದು. ಮದುವೆಗೆ, ಸಾವಿಗೆ, ಹುತ್ತರಿಗೆ, ದೇವರ ಹಬ್ಬಕ್ಕೆ ಬೇರೆ ಬೇರೆ ಹಾಡು. ನಾಲ್ವರು ಗಂಡಸರು ದುಡಿ ಹಿಡಿದು, ಇಬ್ಬರು ಹೇಳಿದ್ದನ್ನು ಇಬ್ಬರು ಎತ್ತಿಕೊಳ್ಳುತ್ತ, ಗಂಟೆಗಟ್ಟಲೆ ಹೇಳುತ್ತಾರೆ. ಹುತ್ತರಿಯ ಸಮಯದಲ್ಲಿ ಊರಿನ ಮಂದ್‌ನಲ್ಲಿ ಗಂಡಸರು ಬೆತ್ತ ಹಿಡಿದು ಸುತ್ತುವರಿದು ಕೋಲಾಟವಾಡುತ್ತಾರೆ. ಹೆಂಗಸರ ಉಮ್ಮತ್ತಾಟಕ್ಕೆ ತಾಳ. ಅಂದರೆ ಹಾಡು, ಕುಣಿತ, ತಾಳ, ಆಡುವ ಜಾಗ, ನೋಡುವ ಜನ, ಒಂದು ಸಂಗೀತ ನಾಟಕಕ್ಕೆ ಬೇಕಾದ ಎಲ್ಲ ಸಾಮಗ್ರಿ ಊರಿನಲ್ಲಿ ಇದ್ದೇ ಇದೆ. ಶಾಲೆ ಅದಕ್ಕೆ ಒಂದು ಕತೆಯನ್ನು ಕೊಟ್ಟರೆ ಸಾಕು. ನಮ್ಮ ಶಾಲೆಗಳು ಕತೆಯನ್ನೂ ಸಂಗೀತವನ್ನೂ ಹೊರಗಿನಿಂದ ತಂದು, ಕುರ್ಚಿಯನ್ನು ಊರಿನಿಂದ ಕೇಳುತ್ತವೆ.

ಬೆಟ್ಟ ಇಳಿದರೆ ಪುತ್ತೂರು. 1834ರಲ್ಲಿ ಇಂಗ್ಲಿಷರು ಕೊಡಗನ್ನು ವಶಪಡಿಸಿಕೊಳ್ಳುವವರೆಗೆ ಆ ಸೀಮೆಯೂ ಕೊಡಗಿನ ಅರಸರ ಕೈಯಲ್ಲಿದ್ದಿತು. ಆದ್ದರಿಂದ ಅಲ್ಲಿಗೆ ಹೋಗುವುದು ಬೇರೆ ದೇಶಕ್ಕೆ ಹೋದಂತೇನೂ ಅಲ್ಲ. 1930ರ ದಶಕದಲ್ಲಿ ಆ ಊರಿನಲ್ಲಿ ನಡೆದುದು ಕನ್ನಡ ನಾಡಿನ ಶಾಲಾ ನಾಟಕದ ಚರಿತ್ರೆಯಲ್ಲಿ ನನಗೆ ಅತ್ಯಂತ ಸ್ವಾರಸ್ಯವಾಗಿ ಕಾಣುತ್ತದೆ. ಶಿವರಾಮ ಕಾರಂತರು ಆಗ ಮೂವತ್ತರ ಆಸುಪಾಸಿನ ಯುವಕರು. ಸಹಕಾರ ಚಳುವಳಿಯ ಮುಂದಾಳು ಮೊಳಹಳ್ಳಿ ಶಿವರಾಯರಂತಹ ಹಿರಿಯರು ಬೆನ್ನಿಗಿದ್ದರು. ದಸರೆಯನ್ನು ನಾಡಹಬ್ಬವನ್ನಾಗಿ ಮಾಡಿ, ಅದರಲ್ಲಿ ಸಾಹಿತ್ಯ, ಸಂಗೀತ, ನಾಟಕಗಳನ್ನು ಇಟ್ಟರು. ಶಾಲೆಯ ಮಕ್ಕಳಿಗೆ ಕಾರಂತರು ಕುಣಿತವನ್ನು ಕಲಿಸಿದರು, ನಾಟಕ ಆಡಿಸಿದರು. ‘ಕಿಸಾಗೋತಮಿ’, ‘ಮುಕ್ತದ್ವಾರ’ಗಳಂತಹ ಗೀತನಾಟಕಗಳನ್ನು ಬರೆದರು. ಮಕ್ಕಳಿಗೆಂದು ‘ಬಾಲಪ್ರಪಂಚ’ದ ಸಂಪುಟಗಳನ್ನು ಬರೆದದ್ದೂ ಆ ದಶಕದಲ್ಲಿಯೇ. ಪಾಠದ ಪುಸ್ತಕದಿಂದ ಮಗುವನ್ನು ಬಿಡಿಸುವುದೇ ವಿದ್ಯೆಯ ಮೊದಲ ಕೆಲಸವೆಂದು ನಂಬಿದವರು ಅವರು. ಅವರ ಶಿಕ್ಷಣದ ವಿಚಾರಗಳನ್ನು ಹೊಗಳುವವರು ನಮ್ಮಲ್ಲಿ ಬಹಳ ಮಂದಿ. ಹೊಗಳಿದವರಲ್ಲಿ ಎಷ್ಟು ಮಂದಿ ತಮ್ಮ ಮಕ್ಕಳನ್ನು ಹತ್ತನೆಯ ತರಗತಿಯ ವರ್ಷ ನಾಟಕಕ್ಕೆ ಕಳುಹಿಸಿದ್ದಾರೆ ಎಂದು ಕೇಳುವುದು ಸಭ್ಯತೆಯಲ್ಲ.

ಊರು ಇಲ್ಲಿ ಕೊಟ್ಟದ್ದು ಕುರ್ಚಿಯನ್ನಲ್ಲ, ತನ್ನ ಹೆಣ್ಣುಮಕ್ಕಳನ್ನು. ಮರ್ಯಾದಸ್ಥರ ಮನೆಯ ಹುಡುಗಿ ಜನರೆದುರಿಗೆ ಗೆಜ್ಜೆ ಕಟ್ಟುವುದೆಂದರೆ ಆ ಕಾಲದಲ್ಲಿ ಎಂತಹ ಮಾತೆಂಬುದನ್ನು ಈಗ ವಿವರಿಸುವುದೂ ಕಷ್ಟ. ಕಂಪನಿಗಳಲ್ಲಿಯೂ ಸ್ತ್ರೀಪಾತ್ರಕ್ಕೆ ಮೀಸೆ ಬೋಳಿಸಿದ ಗಂಡಸರು ಇನ್ನೂ ಇದ್ದ ಕಾಲ. ತಂದೆತಾಯಿಗಳು ಒಪ್ಪಿ ಕಳುಹಿಸಿದರು. ಕಾರಂತರಿಂದ ಕುಣಿತ ಕಲಿತವರಲ್ಲಿ ಲೀಲಾ ಆಳ್ವರೂ ಒಬ್ಬರು. 1936ರಲ್ಲಿ ಅವರಿಬ್ಬರೂ ಮದುವೆಯಾದರು. ಹುಡುಗಿ ಬಂಟರ ಮನೆಯವಳು, ವರ ಬ್ರಾಹ್ಮಣ. ಊರಿನ ನಾಲಗೆಗೆ ಬೇಕಾದಷ್ಟು ಕೆಲಸ ಸಿಕ್ಕಿತು. ಈ ಪ್ರಸಂಗವನ್ನು ಪ್ರೇಮಕಥೆಯಾಗಿ ಹೇಳುವುದು ರೂಢಿ. ನನಗೆ ಇದರಲ್ಲಿ ಇನ್ನೊಂದು ಸಂಗತಿ ಕಾಣುತ್ತದೆ. ಊರನ್ನು ನಾಟಕದೊಳಕ್ಕೆ ನಿಜವಾಗಿ ಕರೆದರೆ ಊರು ಇದ್ದಂತೆಯೇ ಉಳಿಯುವುದಿಲ್ಲ. ಜಾತಿಯ ಬೇಲಿ, ಹೆಣ್ಣಿನ ಹೊಸ್ತಿಲು, ಇವು ಅಲ್ಲಾಡುತ್ತವೆ. ಸಾವಿರ ರೂಪಾಯಿ ಚಂದಾ ಕೊಟ್ಟವನಿಗೆ ಆ ಭಯವಿಲ್ಲ. ಬಹುಶಃ ಅದಕ್ಕಾಗಿಯೇ ನಾವು ಚಂದಾ ಕೇಳುತ್ತೇವೆ, ಅವರೂ ಬೇಗ ಕೊಡುತ್ತಾರೆ.

ಪುತ್ತೂರಿನಿಂದ ಬಹಳ ದೂರವೇನೂ ಅಲ್ಲದ ಮಂಚಿ ಗ್ರಾಮದಲ್ಲಿ 1929ರಲ್ಲಿ ಇನ್ನೊಬ್ಬ ಕಾರಂತರು ಹುಟ್ಟಿದರು. ಬಿ. ವಿ. ಕಾರಂತರು ಕುಕ್ಕಾಜೆಯ ಶಾಲೆಯಲ್ಲಿ ಮೂರನೆಯ ತರಗತಿಯಲ್ಲಿದ್ದಾಗ, ಪಿ. ಕೆ. ನಾರಾಯಣ ಎಂಬ ಅಧ್ಯಾಪಕರು ಆಡಿಸಿದ ಕುವೆಂಪು ಅವರ ‘ನನ್ನ ಗೋಪಾಲ’ದಲ್ಲಿ ಮೊದಲ ಬಾರಿ ಬಣ್ಣ ಹಚ್ಚಿದರು. ಒಂದು ಹಳ್ಳಿಯ ಶಾಲೆ, ಒಬ್ಬ ಮೇಷ್ಟರು, ಒಂದು ಮಕ್ಕಳ ನಾಟಕ. ಆ ಹುಡುಗ ಮನೆ ಬಿಟ್ಟು ಗುಬ್ಬಿಯ ಕಂಪನಿ ಸೇರಿದ, ಕಾಶಿಗೆ ಹೋದ, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು ಕೊನೆಗೆ ಅದರ ನಿರ್ದೇಶಕನೂ ಆದ. ಇಷ್ಟು ವಾಚಕರು ಬಲ್ಲರು. ನನಗೆ ಇಲ್ಲಿ ಬೇಕಾದದ್ದು ಅವರ ಸಂಗೀತ. ತಗಡು, ಕಲ್ಲು, ಕೋಲು, ಬಾಯಲ್ಲಿ ಮಾಡುವ ಸದ್ದು, ಕೈಗೆ ಸಿಕ್ಕಿದ್ದು ಅವರಿಗೆ ವಾದ್ಯ. ಮಕ್ಕಳ ನಾಟಕದಲ್ಲಂತೂ ಸರಿಯೇ ಸರಿ. ಅವರೂ ಪ್ರೇಮಾ ಕಾರಂತರೂ ಮಕ್ಕಳ ರಂಗಭೂಮಿಗೆ ಮಾಡಿದ ಕೆಲಸದ ಫಲವಾಗಿ 1979ರಲ್ಲಿ ಬೆಂಗಳೂರಿನಲ್ಲಿ ಬೆನಕ ಮಕ್ಕಳ ಕೇಂದ್ರ ಹುಟ್ಟಿತು. 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಆರಂಭವಾದಾಗ ಕಾರಂತರು ಮೊದಲ ವರ್ಷಗಳಲ್ಲಿಯೇ ಎತ್ತಿಕೊಂಡ ನಾಟಕಗಳಲ್ಲಿ ‘ಕಿಂದರಿಜೋಗಿ’ ಒಂದು. ಹಾರಂಗಿಯಿಂದ ಮೈಸೂರು ಎರಡು ಮೂರು ಗಂಟೆಯ ದಾರಿ. ನಾವು ಆ ಊರಿನಿಂದ ಹಾರ್ಮೋನಿಯಮ್ಮನ್ನು ತರಿಸಿಕೊಂಡೆವು. ತಗಡಿನ ಡಬ್ಬ ನಮ್ಮ ಮನೆಗಳಲ್ಲಿಯೇ ಇದ್ದಿತು ಎಂಬುದು ನಮಗೆ ತಿಳಿಯಲಿಲ್ಲ.

ಡಬ್ಬದ ಮಾತು ಬಂದದ್ದರಿಂದ ಒಂದು ವಿದೇಶದ ಸಂಗತಿಯನ್ನೂ ಹೇಳಬೇಕು. ಅದಕ್ಕೂ ಹಾರಂಗಿಗೂ ನೀರಿನ ನಂಟಿದೆ. 1953ರ ಜನವರಿ 31ರ ರಾತ್ರಿ ಉತ್ತರ ಸಮುದ್ರ ಉಕ್ಕಿ ಇಂಗ್ಲೆಂಡಿನ ಪೂರ್ವ ತೀರದ ಊರುಗಳ ಮೇಲೆ ನುಗ್ಗಿತು. ಆ ದೇಶವೊಂದರಲ್ಲಿಯೇ 300ಕ್ಕೂ ಹೆಚ್ಚು ಜನ ಸತ್ತರು. ಸಫೋಕ್ ಪ್ರಾಂತದ ಆಲ್ಡ್‌ಬರೋ ಎಂಬ ಸಮುದ್ರದಂಡೆಯ ಊರಿನಲ್ಲಿ ಸಂಗೀತಗಾರ ಬೆಂಜಮಿನ್ ಬ್ರಿಟನ್ನನ ಮನೆಗೂ ನೀರು ನುಗ್ಗಿತು. ಐದು ವರ್ಷಗಳಾದ ಮೇಲೆ, 1958ರ ಜೂನ್ 18ರಂದು, ಹತ್ತಿರದ ಆರ್ಫರ್ಡ್ ಎಂಬ ಹಳ್ಳಿಯ ಚರ್ಚಿನಲ್ಲಿ ಆತ ‘ನೋಯ್ಸ್ ಫ್ಲಡ್’ ಎಂಬ ಸಂಗೀತ ನಾಟಕವನ್ನು ಆಡಿಸಿದ. ನೋವಾ ಮತ್ತು ಮಹಾಪ್ರಳಯದ ಕತೆ. ಮುಖ್ಯ ಪಾತ್ರಗಳಲ್ಲಿ ಇಬ್ಬರು ವೃತ್ತಿಯ ಗಾಯಕರು. ಮಿಕ್ಕ ಹಾಡುಗಾರರು, ಹಡಗನ್ನು ಹತ್ತುವ ಪ್ರಾಣಿಗಳೆಲ್ಲ, ಸುತ್ತಲಿನ ಶಾಲೆಗಳ ಮಕ್ಕಳು. ವಾದ್ಯ ನುಡಿಸುವವರಲ್ಲಿಯೂ ಹೆಚ್ಚಿನವರು ಮಕ್ಕಳೇ. ಪಿಟೀಲನ್ನು ಆಗತಾನೇ ಹಿಡಿದ ಮಗುವಿಗೂ ಒಂದು ಪಾಲು ಇರಬೇಕೆಂದು, ಬೆರಳೊತ್ತದೆ ಬಿಟ್ಟ ತಂತಿಯನ್ನೇ ಮೀಟುವಂತಹ ಭಾಗವನ್ನು ಬೇರೆಯಾಗಿ ಬರೆದ. ಮಳೆಯ ಮೊದಲ ಹನಿಗಳಿಗೆ ಚಹಾ ಕುಡಿಯುವ ಪಿಂಗಾಣಿ ಬಟ್ಟಲುಗಳನ್ನು ದಾರಕ್ಕೆ ಕಟ್ಟಿ ತೂಗುಹಾಕಿ ಮರದ ಚಮಚೆಯಿಂದ ಹೊಡೆಸಿದ. ನೋಡಲು ಬಂದವರಿಗೂ ಬಿಡುವಿಲ್ಲ. ಅವರಿಗೆ ಗೊತ್ತಿದ್ದ ಪ್ರಾರ್ಥನಾಗೀತೆಗಳನ್ನು ನಡುನಡುವೆ ಇಟ್ಟು, ಎದ್ದು ನಿಂತು ಹಾಡಿ ಎಂದ. ನಡುಗಡಲಿನಲ್ಲಿ ಹಡಗು ತೂರಾಡುವಾಗ ಹಾಡುವವರು ಐದು ವರ್ಷಗಳ ಹಿಂದೆ ಮನೆಯೊಳಗೆ ನೀರು ಕಂಡ ಸೀಮೆಯ ಜನ.

ಆ ನಾಟಕದ ಮಾತುಗಳನ್ನು ಬ್ರಿಟನ್ ಹೊಸದಾಗಿ ಬರೆಸಲಿಲ್ಲ. ಚೆಸ್ಟರ್ ಎಂಬ ಪಟ್ಟಣದಲ್ಲಿ ಕೆಲವು ಶತಮಾನಗಳ ಹಿಂದೆ ಕಸುಬಿನ ಸಂಘಗಳು ಬೈಬಲಿನ ಒಂದೊಂದು ಕತೆಯನ್ನು ಹಂಚಿಕೊಂಡು ಬೀದಿಯಲ್ಲಿ ಆಡುತ್ತಿದ್ದವು. ಪ್ರಳಯದ ಕತೆ ಯಾರ ಪಾಲಿಗೆ ಬಂದಿದ್ದಿತು ಗೊತ್ತೆ? ಡೀ ನದಿಯಿಂದ ನೀರು ತಂದು ಊರಿಗೆ ಹಂಚುತ್ತಿದ್ದ ನೀರುಹೊರುವವರ ಪಾಲಿಗೆ. ಇದನ್ನು ಮೊದಲ ಬಾರಿ ಓದಿದಾಗ ನನಗೆ ನಮ್ಮ ಕಟ್ಟೆಯ ತೂಬು ತಿರುಗಿಸುವ ನೌಕರರ ನೆನಪು ಬಂದಿತು. ಅವರನ್ನು ನಾಟಕಕ್ಕೆ ಕರೆದುದುಂಟು, ದೀಪ ಕಟ್ಟಲು.

2018ರ ಆಗಸ್ಟಿನಲ್ಲಿ ಕೊಡಗಿಗೆ ಏನಾಯಿತೆಂದು ಹೇಳಬೇಕಾಗಿಲ್ಲ. ಮಕ್ಕಂದೂರು, ಮಾದಾಪುರಗಳ ಕಡೆ ಬೆಟ್ಟಗಳೇ ಜಾರಿ ಬಂದವು. ಆ ನೀರೆಲ್ಲ ಹಾರಂಗಿಗೆ ಬಂತು. ಮನೆ ಕಳೆದುಕೊಂಡವರಿಗೆ ಶಾಲೆಗಳ ಕೋಣೆಗಳೇ ಆಶ್ರಯವಾದವು. ಆಗ ನಾನು ಹೋಗಿ ನೋಡಿದ ಒಂದು ಶಾಲೆಯಲ್ಲಿ, ಬೆಂಚುಗಳನ್ನು ಜೋಡಿಸಿ ಮಲಗಿದ್ದವರ ನಡುವೆ, ರಾತ್ರಿ ಯಾರೋ ಹೆಂಗಸು ಮಗುವಿಗೆಂದು ಸಣ್ಣ ದನಿಯಲ್ಲಿ ಹಾಡುತ್ತಿದ್ದಳು. ಅರೆಭಾಷೆಯ ಹಾಡು. ಪಕ್ಕದ ಕೋಣೆಯಿಂದ ಇನ್ನೊಬ್ಬಳು ಅದನ್ನು ಎತ್ತಿಕೊಂಡಳು. ಇಬ್ಬರೂ ಒಬ್ಬರನ್ನೊಬ್ಬರು ಬಲ್ಲವರಲ್ಲವೆಂದು ಬೆಳಗ್ಗೆ ತಿಳಿಯಿತು. ಶಾಲೆ ಕಟ್ಟಿದಂದಿನಿಂದ ಆ ಗೋಡೆಗಳು ಅಂತಹ ಹಾಡನ್ನು ಕೇಳಿದ್ದವೋ ಇ‌ಲ್ಲವೋ. ನೀರು ಇಳಿಯಿತು, ಜನ ಹೋದರು, ಬೆಂಚುಗಳು ತಮ್ಮ ಸಾಲಿಗೆ ಮರಳಿದವು, ಪ್ರಾರ್ಥನೆಯ ಗಂಟೆ ಹೊಡೆಯಿತು.

ಪಟ್ಟಿಯನ್ನು ತಿದ್ದಿ ಕಳುಹಿಸಿದೆ. ಶಾಮಿಯಾನ ಕುರ್ಚಿಗಳನ್ನು ಹಾಗೆಯೇ ಬಿಟ್ಟೆ. ಮಳೆಯ ಊರು, ಕೂರಲು ಜಾಗ ಬೇಕು. ‘ಸಂಗೀತ’ ಎಂಬ ಸಾಲಿನಲ್ಲಿ ಪೆನ್‌ಡ್ರೈವನ್ನು ಹೊಡೆದುಹಾಕಿ, ಇಲಿಗಳಿಗೆ ಡಬ್ಬ ತಗಡು, ಹೊಳೆಗೆ ತಾಯಂದಿರ ಉಮ್ಮತ್ತಾಟದ ತಾಳ, ಗೌಡನ ಮನೆಯ ಜಗುಲಿಗೆ ಕೋಲಾಟ, ಜೋಗಿಗೆ ಯಾರು ಸಿಕ್ಕರೆ ಅವರು, ಎಂದು ಬರೆದೆ. ಮಕ್ಕಳು ಕಳೆದುಹೋದ ಮೇಲೆ ತಾಯಂದಿರು ಕರೆಯುವ ಕಡೆ, ಪ್ರತಿಯೊಬ್ಬಳೂ ತನ್ನ ಮನೆಯ ಮಾತಿನಲ್ಲಿಯೇ ಕರೆಯಲಿ ಎಂದೂ ಸೇರಿಸಿದೆ. ಅಸ್ಸಾಮಿನವಳು ಅಸ್ಸಾಮಿಯಲ್ಲಿ. ಇದು ಕುವೆಂಪು ಅವರ ಕವನಕ್ಕೆ ಅಪಚಾರವಾಗುತ್ತದೆಂದು ಹೇಳುವ ಸಹೋದ್ಯೋಗಿಗಳು ನನಗಿದ್ದಾರೆ. ಅವರೊಡನೆ ವಾದಿಸಲು ಈ ವಾರ ಬಿಡುವಿಲ್ಲ.

ಉತ್ತರ ಒಂದು ವಾರ ಬರಲಿಲ್ಲ. ಕೊಂಚ ಹೆಚ್ಚಾಯಿತೇನೋ ಎಂದುಕೊಂಡೆ. ಅಧ್ಯಾಪಕರ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ: ಪರೀಕ್ಷೆ, ಬಿಸಿಯೂಟ, ಗಣತಿ, ಇವುಗಳ ನಡುವೆ ಊರಿನ ಮನೆಮನೆಗೆ ಹೋಗಿ ತಾಳ ಬಾರಿಸುವವರನ್ನು ಹುಡುಕು ಎಂದರೆ ಯಾರಿಗೆ ಸಿಟ್ಟು ಬಾರದು? ಚಂದಾ ಪುಸ್ತಕವನ್ನು ಹಿಡಿದು ಹೋಗುವುದು ಅದಕ್ಕಿಂತ ಹತ್ತು ಪಾಲು ಸುಲಭ. ಅಷ್ಟೇ ಅಲ್ಲ, ಎರಡು ಮನೆಯವರು ದೊಡ್ಡ ತರಗತಿಯ ಹುಡುಗಿಯರನ್ನು ಕುಣಿಯಲು ಕಳುಹಿಸುವುದಿಲ್ಲ ಎಂದಿದ್ದಾರಂತೆ. ಪುತ್ತೂರಿನ ಆ ದಿನಗಳಿಗೆ ತೊಂಬತ್ತು ವರ್ಷಗಳಾಗುತ್ತ ಬಂದವು.

ಮೊನ್ನೆ ಸಂಜೆ ಮುಖ್ಯೋಪಾಧ್ಯಾಯಿನಿಯವರ ದೂರವಾಣಿ ಬಂದಿತು. ಹಿನ್ನೀರಿನ ಆಚೆಯ ಊರಿನಲ್ಲಿ ದುಡಿ ಬಲ್ಲ ಒಬ್ಬರು ಸಿಕ್ಕಿದ್ದಾರೆ. ಅವರ ಮನೆಯ ಹಿರಿಯರೊಬ್ಬರು ಹಿಂದೆ ಯಾವುದೋ ಶಾಲೆಯ ನಾಟಕಕ್ಕೆ ಬಾರಿಸಲು ಹೋಗಿದ್ದರಂತೆ; ಅವರೇ ಇವರೋ ಅಲ್ಲವೋ ಎಂದು ನಾನು ಕೇಳಲಿಲ್ಲ, ನೋಡಿಯೇ ಕೇಳೋಣ ಎಂದುಕೊಂಡೆ. ಬರಲು ಒಪ್ಪಿದ್ದಾರೆ, ಆದರೆ ಒಂದು ಪೇಚಾಟವಿದೆಯಂತೆ. ಮದುವೆಗೆ ಯಾವುದು, ಸಾವಿಗೆ ಯಾವುದು, ಹುತ್ತರಿಗೆ ಯಾವುದು ಎಂದು ಅವರಿಗೆ ಗೊತ್ತು. ಇಲಿಗಳಿಗೆ ಯಾವುದನ್ನು ಬಾರಿಸಬೇಕೆಂದು ತಿಳಿಯದೆ ಎರಡು ದಿನಗಳಿಂದ ಯೋಚಿಸುತ್ತಿದ್ದಾರೆ.

“ನೀವೇ ಬಂದು ಹೇಳಬೇಕು ಸಾರ್” ಎಂದರು. ಭಾನುವಾರದ ಬೆಳಗಿನ ಬಸ್ಸಿಗೆ ಹೊರಟಿದ್ದೇನೆ.